ಐದು ಪಿನ್ನಿನ ಕೊಂಡಿ

ವೀಣೆ ಮಾಡಿದವನು ತೀರಿಕೊಂಡರೂ ವೀಣೆ ಮೂಕವಾಗುವುದಿಲ್ಲ. ತಂತಿ ಬದಲಾಯಿಸಿ, ಮೇಣ ಸರಿಪಡಿಸಿ ಮೊಮ್ಮಗಳು ನುಡಿಸುತ್ತಾಳೆ. ಕಂಪ್ಯೂಟರನ್ನು ನೆಚ್ಚಿಕೊಂಡ ವಾದ್ಯಗಳಿಗೆ ಈ ಭಾಗ್ಯ ಕಡಿಮೆ. ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂಗೆ ಕಂಪನಿ ಬೆಂಬಲ ನಿಲ್ಲಿಸಿತೆಂದರೆ, ಸುಸ್ಥಿತಿಯಲ್ಲಿರುವ ಸಲಕರಣೆಯೂ ಒಂದು ದಿನ ಮೂಲೆ ಸೇರಬೇಕಾದೀತು. ಹಾಗಾಗಲು ಬಿಡದೆ ಹಟ ಹಿಡಿದವರ ಕಥೆಯೊಂದಿದೆ.

1980ರ ಸುಮಾರಿಗೆ ಒಂದು ಕಂಪನಿಯ ಎಲೆಕ್ಟ್ರಾನಿಕ್ ವಾದ್ಯಕ್ಕೂ ಇನ್ನೊಂದರದಕ್ಕೂ ಮಾತುಕತೆಯೇ ಇರಲಿಲ್ಲ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರು ಪೈಪೋಟಿಯನ್ನು ಬದಿಗಿಟ್ಟು ಎಲ್ಲಕ್ಕೂ ಒಂದೇ ಭಾಷೆ ರೂಪಿಸಿದರು. 1983ರಲ್ಲಿ ಬಳಕೆಗೆ ಬಂದ ಅದರ ಹೆಸರು ಮಿಡಿ. ತಂತಿ ಮಿಡಿಯುವ ನಮಗೆ ಈ ಹೆಸರು ಪರಕೀಯವೆನಿಸದು! ಐದು ಪಿನ್ನುಗಳ ಆ ಕೊಂಡಿಯಲ್ಲಿ ಹರಿಯುವುದು ನಾದವಲ್ಲ. ಯಾವ ಮನೆ ಒತ್ತಿದರು, ಎಷ್ಟು ಬಿರುಸಾಗಿ, ಯಾವಾಗ ಬಿಟ್ಟರು ಎಂಬ ಸಂದೇಶ ಮಾತ್ರ. ಈ ಭಾಷೆಗೆ ಅವರು ಶುಲ್ಕ ಕೇಳಲಿಲ್ಲ.

1984ರಲ್ಲಿ ಅಟಾರಿ ಕಂಪನಿಯ ಗೃಹಬಳಕೆಯ ಕಂಪ್ಯೂಟರ್ ವ್ಯಾಪಾರವನ್ನು ಕೊಂಡವರು ಜ್ಯಾಕ್ ಟ್ರಮಿಯೆಲ್. ನಾಜಿಗಳ ಆಷ್ವಿತ್ಸ್ ಶಿಬಿರದಿಂದ ಬದುಕಿ ಬಂದವರು. ಮರುವರ್ಷ ಹೊರತಂದ ಅಟಾರಿ ಎಸ್‌ಟಿಯಲ್ಲಿ ಮಿಡಿ ಕೊಂಡಿಗಳು ಹುಟ್ಟಿನಿಂದಲೇ ಇದ್ದವು. ಜರ್ಮನಿಯ ಹ್ಯಾಂಬರ್ಗಿನ ಸ್ಟೈನ್‌ಬರ್ಗ್, ಸಿ-ಲ್ಯಾಬ್ ಕಂಪನಿಗಳು ಅದಕ್ಕೆಂದು ಸಂಗೀತದ ತಂತ್ರಾಂಶ ಬರೆದವು. ಸ್ಟೈನ್‌ಬರ್ಗಿನ ಕ್ಯೂಬೇಸ್ ಬಂದದ್ದು 1989ರಲ್ಲಿ.

1993ರಲ್ಲಿ ಅಟಾರಿ ಈ ಕಂಪ್ಯೂಟರನ್ನು ಕೈಬಿಟ್ಟಿತು. ಸಂಗೀತಗಾರರು ಬಿಡಲಿಲ್ಲ. ಫ್ಯಾಟ್‌ಬಾಯ್ ಸ್ಲಿಮ್ ಎಂದು ಹೆಸರಾದ ಇಂಗ್ಲೆಂಡಿನ ನಾರ್ಮನ್ ಕುಕ್ 1998ರ ತಮ್ಮ ಪ್ರಸಿದ್ಧ ಆಲ್ಬಂ ಅನ್ನು ಇದರಲ್ಲೇ ರೂಪಿಸಿದರು. ಇದರ ತಾಳ ತಪ್ಪುವುದಿಲ್ಲ ಎಂಬುದು ಹಲವರ ನಂಬಿಕೆ. ಹೊಸದನ್ನೆಲ್ಲ ನೋಡಿ ಬಂದು ಹಳೆಯ ಗಂಡನ ಪಾದವೇ ಗತಿ ಎಂದವರೂ ಇದ್ದರು!

ಕೈಬಿಡುವ ಪದ್ಧತಿ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಸಿ-ಲ್ಯಾಬಿನವರು ಕಟ್ಟಿದ ಇಮ್ಯಾಜಿಕ್ ಕಂಪನಿಯನ್ನು 2002ರಲ್ಲಿ ಆಪಲ್ ಕೊಂಡಿತು. ಅವರ ಲಾಜಿಕ್ ತಂತ್ರಾಂಶದ ವಿಂಡೋಸ್ ಆವೃತ್ತಿ ನಿಂತೇಹೋಯಿತು. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರಲ್ಲಿ. ಹೊಸ ಕಂಪ್ಯೂಟರು ಹಳೆಯ ಸಲಕರಣೆಯನ್ನು ಗುರುತಿಸದಿದ್ದಾಗ, ಹಳೆಯದೊಂದನ್ನು ಅಂತರ್ಜಾಲದ ಸಂಪರ್ಕವಿಲ್ಲದೆ ಕೇವಲ ಸಂಗೀತಕ್ಕೆಂದು ಇಟ್ಟುಕೊಳ್ಳುವವರುಂಟು. ಸುರಕ್ಷತೆಯ ತಿದ್ದುಪಡಿಗಳು ಬಾರದ ಯಂತ್ರಕ್ಕೆ ಅದೇ ಮಡಿ.

ಇಷ್ಟೆಲ್ಲ ಆದರೂ 1983ರ ಆ ಐದು ಪಿನ್ನಿನ ಕೊಂಡಿ ಇನ್ನೂ ಬಳಕೆಯಲ್ಲಿದೆ. 2020ರಲ್ಲಿ ಒಪ್ಪಿಗೆ ಪಡೆದ ಮಿಡಿ 2.0 ಕೂಡ ಹಳೆಯ ವಾದ್ಯಗಳನ್ನು ಹೊರಗಿಡಲಿಲ್ಲ. ಯಂತ್ರ ಒಬ್ಬರ ಸ್ವತ್ತಾಗಿತ್ತು, ಅವರು ಬಿಟ್ಟಾಗ ಅನಾಥವಾಯಿತು. ಭಾಷೆ ಹತ್ತು ಮಂದಿಯದು, ಅದನ್ನು ಬಿಟ್ಟುಬಿಡುವ ಅಧಿಕಾರ ಯಾರೊಬ್ಬರಿಗೂ ಇರಲಿಲ್ಲ. ಮನೆಯಲ್ಲಿ ಕೀಬೋರ್ಡ್ ಕಲಿಯುವ ಮಕ್ಕಳಿದ್ದರೆ, ಅವರು ಕಂಪ್ಯೂಟರಿನಲ್ಲಿ ಕೂಡಿಸಿಟ್ಟ ಸ್ವರಗಳ ಒಂದು ಪ್ರತಿಯನ್ನು ಮಿಡಿ ರೂಪದಲ್ಲೂ ಉಳಿಸಲು ಹೇಳಿ. ಕಂಪ್ಯೂಟರು ಹೋದರೂ ಇನ್ನೊಂದು ಅದನ್ನು ಓದೀತು.