ಪಾತ್ರೆ ತೊಳೆಯುವ ಯಂತ್ರದ ನಿರ್ವಹಣೆ

ಪಾತ್ರೆ ತೊಳೆಯುವ ಯಂತ್ರ ಅಥವಾ ಡಿಶ್‌ವಾಷರ್, ತಿರುಗುವ ತೋಳುಗಳ ರಂಧ್ರಗಳಿಂದ ಬಿಸಿನೀರು ಮತ್ತು ಮಾರ್ಜಕವನ್ನು ಚಿಮ್ಮಿಸಿ ಪಾತ್ರೆಗಳನ್ನು ಶುಚಿಗೊಳಿಸುವ ಗೃಹೋಪಕರಣ. ಬಿಡಿಭಾಗ ಕೆಟ್ಟಿದೆ ಎಂದು ತೋರುವ ಅನೇಕ ತೊಂದರೆಗಳಿಗೆ ಗಡಸು ನೀರು ಅಥವಾ ಕಟ್ಟಿಕೊಂಡ ಜಾಲರಿಯೇ ಕಾರಣವಾಗಿರುತ್ತದೆ.

ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿರುವಂತೆ ಕೊಳವೆಬಾವಿಯ ನೀರು ಗಡಸಾಗಿದ್ದರೆ ಯಂತ್ರದ ಉಪ್ಪಿನ ತೊಟ್ಟಿಯನ್ನು ಬರಿದಾಗಲು ಬಿಡಬಾರದು. ಯಂತ್ರದೊಳಗಿನ ಅಯಾನು ವಿನಿಮಯ ರಾಳವು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳನ್ನು ಹಿಡಿದು ಸೋಡಿಯಂ ಅಯಾನುಗಳನ್ನು ಬಿಡುತ್ತದೆ. ಉಪ್ಪುನೀರು ಆ ರಾಳವನ್ನು ಮತ್ತೆ ಸಜ್ಜುಗೊಳಿಸುತ್ತದೆ. ಉಪ್ಪು ಮುಗಿದರೆ ಗಾಜಿನ ಲೋಟಗಳ ಮೇಲೆ ಬಿಳಿ ಪೊರೆ ಮೂಡುತ್ತದೆ. ಅಡುಗೆಯ ಪುಡಿಯುಪ್ಪು ಇದಕ್ಕೆ ಸಲ್ಲದು. ಅದು ಗಂಟು ಕಟ್ಟದಂತೆ ಬೆರೆಸಿದ ವಸ್ತುಗಳು ಘಟಕವನ್ನು ಕೆಡಿಸಬಹುದು. ವಿನೆಗರ್ ಹಚ್ಚಿ ಒರೆಸಿದಾಗ ಹೋಗುವ ಪೊರೆ ಸುಣ್ಣದ್ದು. ಹೋಗದಿದ್ದರೆ ಗಾಜೇ ಸವೆದಿರುವ ಸಾಧ್ಯತೆ ಹೆಚ್ಚು, ಅದನ್ನು ಸರಿಪಡಿಸಲಾಗದು. ಅತಿ ಮೆದು ನೀರಿನಲ್ಲಿ ಈ ಸವೆತ ಹೆಚ್ಚುವುದರಿಂದ, ನೀರನ್ನು ಪರೀಕ್ಷಿಸದೆ ಗಡಸುತನದ ಮಟ್ಟವನ್ನು ಗರಿಷ್ಠಕ್ಕೆ ಇಡುವುದೂ ಸರಿಯಲ್ಲ.

ತಳದಲ್ಲಿ ನೀರು ನಿಂತರೆ ವಿದ್ಯುತ್ ಸಂಪರ್ಕ ತಪ್ಪಿಸಿ ಮೊದಲು ಜಾಲರಿಯನ್ನು ತೆಗೆದು ತೊಳೆಯಬೇಕು; ಒಗ್ಗರಣೆಯ ಕರಿಬೇವು, ಅನ್ನದ ಅಗುಳು ಅಲ್ಲಿಯೇ ಸೇರಿರುತ್ತವೆ. ಅನಂತರ ನೀರು ಹೊರಹೋಗುವ ಕೊಳವೆ ಮಡಚಿಕೊಂಡಿದೆಯೇ ಎಂದು ನೋಡಬೇಕು. ಪಂಪಿನಲ್ಲಿ ಗಾಜಿನ ಚೂರು ಸಿಕ್ಕಿರಬಹುದಾದ್ದರಿಂದ ಬರಿಗೈ ಹಾಕಬಾರದು. ಬುಡದ ತಟ್ಟೆಗೆ ನೀರು ಸೋರಿದಾಗ ಅನೇಕ ಮಾದರಿಗಳಲ್ಲಿ ತೇಲುಸ್ವಿಚ್ಚು ಯಂತ್ರವನ್ನು ನಿಲ್ಲಿಸುತ್ತದೆ. ಸೋರಿಕೆಯ ಮೂಲ ಹುಡುಕದೆ ತಟ್ಟೆಯನ್ನಷ್ಟೇ ಬರಿದುಮಾಡಿದರೆ ಯಂತ್ರ ಮತ್ತೆ ನಿಲ್ಲುತ್ತದೆ.