ಶ್ರೀರಂಗಪಟ್ಟಣದ ಹದಿನೈದು ವರ್ಷ: ಭಯವೋ, ನಂಬಿಕೆಯೋ?

ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಶಾಲೆಗಳಲ್ಲಿ ಮೈಸೂರು ಯುದ್ಧಗಳ ಪಾಠ ಬಂದಾಗ ನಾವು ಮಕ್ಕಳಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಯಾರು ಗೆದ್ದರು, ಯಾವ ಒಪ್ಪಂದವಾಯಿತು ಎಂದು ಕೇಳುತ್ತೇವೆ. ಆ ಇಸವಿಗಳ ನಡುವೆ ಸಿಕ್ಕಿಕೊಂಡ ಸಾಮಾನ್ಯ ಜನರ ಪಾಡೇನಾಯಿತು ಎಂದು ಕೇಳುವುದು ಕಡಿಮೆ. ಅಂಥ ಒಂದು ಜನ ಕರಾವಳಿಯ ಕೆನರಾ ಕ್ರೈಸ್ತರು.

ಇದು ದೂರದ ಮಂಗಳೂರಿನ ಕಥೆ, ನಮಗೇನು ಎನ್ನಬೇಡಿ. 1786ರಲ್ಲಿ ಆದವಾನಿಯ ಮುತ್ತಿಗೆಯಾದ ಮೇಲೆ ನಮ್ಮ ರಾಯದುರ್ಗದ ಪಾಳೆಯಗಾರ ವೆಂಕಟಪತಿ ನಾಯಕನೂ ಟಿಪ್ಪು ಸುಲ್ತಾನನ ಸೆರೆಯಾದ. ಅವನು ಮತ್ತೆ ತನ್ನ ಕೋಟೆಗೆ ಮರಳಲಿಲ್ಲ. ಆ ಕಾಲದ ಸೆರೆ ಎಂದರೆ ಏನೆಂದು ನಮ್ಮ ಬೆಟ್ಟಕ್ಕೂ ಗೊತ್ತು.

ಕೆನರಾ ಕ್ರೈಸ್ತರಲ್ಲಿ ಹೆಚ್ಚಿನವರು ಕೊಂಕಣಿ ಮನೆಮಾತಿನ ಕ್ಯಾಥೊಲಿಕರು, ಹೊಲಗದ್ದೆ ಮಾಡಿಕೊಂಡಿದ್ದವರು. ಎರಡನೇ ಮೈಸೂರು ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ನೆರವಾದರು ಎಂಬ ಆರೋಪ ಬಂತು. 1784ರ ಫೆಬ್ರವರಿ ಕೊನೆಯಲ್ಲಿ, ಕ್ರೈಸ್ತರ ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರದ ಹೊತ್ತಿಗೆ, ಟಿಪ್ಪುವಿನ ಸೈನಿಕರು ಊರೂರುಗಳಲ್ಲಿ ಇವರನ್ನು ಹಿಡಿದರು. ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು. ಚರ್ಚುಗಳು ನೆಲಸಮವಾದವು, ಜಮೀನು ಮುಟ್ಟುಗೋಲಾಯಿತು. ಹೆಂಗಸರು, ಮಕ್ಕಳು, ಮುದುಕರು ಎನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸೆರೆಯಾದವರು ಮೂವತ್ತು ಸಾವಿರ ಎನ್ನುವವರಿದ್ದಾರೆ, ಅರವತ್ತು ಸಾವಿರ ಎನ್ನುವವರೂ ಇದ್ದಾರೆ. ಹಸಿವು, ಜ್ವರ, ದಣಿವಿನಿಂದ ಬಹಳ ಜನ ದಾರಿಯಲ್ಲೇ ಸತ್ತರು.

ಶ್ರೀರಂಗಪಟ್ಟಣದಲ್ಲಿ ಮತ ಬದಲಿಸುವಂತೆ ಒತ್ತಾಯ ನಡೆಯಿತು. ಸುನ್ನತಿ ಮಾಡಿಸಿದರು, ಹೊಸ ಹೆಸರಿಟ್ಟರು, ಗಟ್ಟಿಮುಟ್ಟಾದ ಯುವಕರನ್ನು ಸೈನ್ಯದ ದಳಗಳಿಗೆ ಸೇರಿಸಿದರು. ಪೂಜೆ ಮಾಡಲು ಚರ್ಚಿಲ್ಲ, ಧೈರ್ಯ ಹೇಳಲು ಪಾದ್ರಿಯಿಲ್ಲ. ಹೀಗೆ ಹದಿನೈದು ವರ್ಷ!

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಫ್ರಾನ್ಸಿನಿಂದ ಬಂದ ಪಾದ್ರಿ ಅಬ್ಬೆ ದುಬಾಯ್ 1799ರ ನಂತರ ಶ್ರೀರಂಗಪಟ್ಟಣದಲ್ಲಿ ಉಳಿದ ಕ್ರೈಸ್ತರನ್ನು ಒಂದುಗೂಡಿಸುವ ಕೆಲಸ ಮಾಡಿದರು. ಅವರೇ 1823ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಕಟುವಾಗಿ ಬರೆದರು: ಇಷ್ಟು ಸಾವಿರ ಜನರಲ್ಲಿ ಎದುರು ನಿಂತು ಪ್ರಾಣ ಕೊಡುವ ಎದೆ ಒಬ್ಬರಿಗೂ ಇರಲಿಲ್ಲ ಎಂಬುದು ಅವರ ಮಾತಿನ ಸಾರ. ಹಾಗಾದರೆ ಇವರು ಭಯಕ್ಕೆ ಸೋತವರೇ?

ನಮಗೆ ಹಾಗೆನಿಸುವುದಿಲ್ಲ. ಕಾರಣ ಎರಡು.

ಮೊದಲನೆಯದು ಕೊಡಗಿನಲ್ಲಿದೆ. ಸೆರೆಯಿಂದ ತಪ್ಪಿಸಿಕೊಂಡ ಕೆಲವು ಕ್ರೈಸ್ತರು ಕೊಡಗನ್ನು ಸೇರಿದರು. ಸಿಕ್ಕಿಬಿದ್ದರೆ ಏನಾಗುವುದೆಂದು ತಿಳಿದೇ ಓಡಿಬಂದವರು ಅವರು. ಅಲ್ಲಿನ ದೊರೆ ದೊಡ್ಡವೀರರಾಜೇಂದ್ರ ಸ್ವತಃ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡಿದ್ದವನು. 1792ರಲ್ಲಿ ವಿರಾಜಪೇಟೆ ಊರು ಕಟ್ಟಿಸಿದಾಗ ಅವನು ಇವರಿಗೆ ನೆಲೆ ಕೊಟ್ಟ, ಚರ್ಚಿಗೆ ಜಾಗ ಕೊಟ್ಟ. ಲಿಂಗಾಯತ ಅರಸ ಕ್ರೈಸ್ತರಿಗೆ ಆಶ್ರಯ ಕೊಟ್ಟದ್ದು ನಮ್ಮ ನಾಡಿನ ಹೆಮ್ಮೆ.

ಎರಡನೆಯದು 1799ರದು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದ. ಸೆರೆಯ ಬಾಗಿಲು ತೆರೆಯಿತು.  ಊರಿನಲ್ಲಿ ಮನೆ ಇಲ್ಲ, ಜಮೀನು ಇನ್ನೊಬ್ಬರ ಕೈಯಲ್ಲಿ, ಚರ್ಚು ಮಣ್ಣುಪಾಲು. ಚಿಕ್ಕವರಾಗಿ ಬಂದವರಿಗೆ ಆ ಊರಿನ ನೆನಪೂ ಮಸುಕಾಗಿರಬೇಕು. ಹೊಸ ಹೆಸರಿನಲ್ಲೇ ಇದ್ದಲ್ಲೇ ಬದುಕುವುದು ಸುಲಭವಿತ್ತು. ಆದರೂ ಸಾವಿರಾರು ಜನ ಹಳೆಯ ಹೆಸರು, ಹಳೆಯ ಪ್ರಾರ್ಥನೆ ಹೊತ್ತು ಕರಾವಳಿಗೆ ಮರಳಿದರು. ಬರಿಗೈಯಲ್ಲಿ ಬಂದವರು ಮಂಗಳೂರಿನಲ್ಲಿ ಮಿಲಾಗ್ರಿಸ್, ರೊಸಾರಿಯೊ ಚರ್ಚುಗಳನ್ನು ಮತ್ತೆ ಎಬ್ಬಿಸಿದರು. ಪಾದ್ರಿ, ಪುಸ್ತಕ, ಗಂಟೆ ಇಲ್ಲದ ಹದಿನೈದು ವರ್ಷ ಆ ನಂಬಿಕೆ ಎಲ್ಲಿತ್ತು? ಮನೆಯೊಳಗೆ, ತಾಯಂದಿರ ಬಾಯಲ್ಲಿ ಇದ್ದಿರಬೇಕು. ಬೇರೆ ದಾರಿ ಎಲ್ಲಿತ್ತು? ಗಡಿಯಲ್ಲಿ ಮನೆಮಾತನ್ನು ಉಳಿಸಿಕೊಂಡು ಬಂದಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಕತ್ತಿಯ ಮುಂದೆ ಎದೆಯೊಡ್ಡುವುದು ಒಂದು ಬಗೆಯ ಧೈರ್ಯ. ಮಕ್ಕಳನ್ನು ಸಾಕುತ್ತಾ, ಬಾಯಿ ಮುಚ್ಚಿಕೊಂಡು, ಒಳಗಿನದನ್ನು ಬಿಡದೆ ಕಾಯುವುದು ಇನ್ನೊಂದು ಬಗೆ. ದುಬಾಯ್ ಮೊದಲನೆಯದನ್ನು ಹುಡುಕಿದರು, ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದು ನಮ್ಮ ಅನಿಸಿಕೆ.

ಅದೇ 1799ರಲ್ಲಿ ಕೆನರಾದ ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಮರುವರ್ಷ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಕ್ಕೆ ಅವನೇ ಪ್ರಧಾನ ಕಲೆಕ್ಟರ್ ಆದ. ರಾಯದುರ್ಗ, ಮಡಕಶಿರಾಗಳೂ ಅದರಲ್ಲಿ ಸೇರಿದ್ದವು. ಹೀಗೆ ಕರಾವಳಿಯ ಕಥೆಯೂ ನಮ್ಮ ಕಥೆಯೂ ಒಂದೇ ಪುಟದಲ್ಲಿ ಬರುತ್ತವೆ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಈ ಪಾಠ ಮಾಡುವಾಗ ಶೃಂಗೇರಿಯನ್ನೂ ಹೇಳಿ. 1791ರಲ್ಲಿ ಮರಾಠಾ ಸೈನ್ಯದ ದಂಡಾಳುಗಳು ಶೃಂಗೇರಿ ಮಠವನ್ನು ಸೂರೆ ಮಾಡಿದಾಗ ನೆರವು ಕಳುಹಿಸಿದವನು ಇದೇ ಟಿಪ್ಪು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಇತಿಹಾಸವಲ್ಲ. ಅಂದಿನ ಅರಸನ ಕೆಲಸಕ್ಕೆ ಇಂದಿನ ಯಾವ ಮಗುವೂ ತರಗತಿಯಲ್ಲಿ ತಲೆ ತಗ್ಗಿಸಬಾರದು.

ಮಕ್ಕಳು ಇಸವಿ ಮರೆತರೂ ಚಿಂತೆಯಿಲ್ಲ. ಬಾಗಿಲು ತೆರೆದ ದಿನ ಬರಿಗೈಯಲ್ಲಿ ಮನೆಯ ದಾರಿ ಹಿಡಿದವರನ್ನು ಮರೆಯದಿರಲಿ.