ಸಣ್ಣ ಪಾತ್ರಗಳ ಹೆಸರುಗಳು

ಚಲಚ್ಚಿತ್ರದಲ್ಲಿ ಕ್ಷಣಕಾಲ ಕಾಣಿಸಿಕೊಳ್ಳುವವರಿಗೆ ಕನ್ನಡದಲ್ಲಿ ಹಲವು ಹೆಸರುಗಳು ರೂಢಿಯಲ್ಲಿವೆ. ಪ್ರಸಿದ್ಧ ನಟನು ಒಂದು ದೃಶ್ಯದಲ್ಲಿ ಬಂದುಹೋದರೆ ಅದು 'ಅತಿಥಿ ಪಾತ್ರ'ವೆನಿಸುತ್ತದೆ. ಅದೇ ದೃಶ್ಯದಲ್ಲಿ ಅವನ ಹಿಂದೆ ಈಟಿ ಹಿಡಿದು ನಿಂತವನು 'ಎಕ್ಸ್‌ಟ್ರಾ' ಎನಿಸುತ್ತಾನೆ. ಇಬ್ಬರೂ ತೆರೆಯ ಮೇಲೆ ಇದ್ದ ಕಾಲ ಒಂದೇ. ಆದುದರಿಂದ ಈ ಹೆಸರುಗಳು ಅಳೆಯುವುದು ಪಾತ್ರದ ಗಾತ್ರವನ್ನಲ್ಲ, ವ್ಯಕ್ತಿಯ ಅಂತಸ್ತನ್ನು ಎಂದು ಹೇಳಬೇಕಾಗಿದೆ.

ನಮ್ಮ ಪ್ರಾಚೀನ ಪರಿಭಾಷೆಯ ರೀತಿ ಬೇರೆ. ಕಂಚುಕಿ, ಪ್ರತೀಹಾರಿ, ಚೇಟಿ, ವೈತಾಳಿಕ ಎಂಬಿವು ಪಾತ್ರದ ಕೆಲಸವನ್ನು ಹೇಳುತ್ತವೆ. ಕಾಳಿದಾಸನು ಶಾಕುಂತಲದ ಪ್ರತೀಹಾರಿಗೆ ವೇತ್ರವತಿಯೆಂದೂ ಕಾವಲುಗಾರರಿಗೆ ಸೂಚಕ, ಜಾನುಕರೆಂದೂ ಹೆಸರಿಟ್ಟನು. ಬೆಸ್ತನಿಗೆ ಹೆಸರಿಲ್ಲವಾದರೂ ಉಂಗುರ ಬೆಳಕಿಗೆ ಬರುವುದು ಅವನಿಂದಲೇ. ಅವನನ್ನು 'ಹೆಚ್ಚಿನವನು' ಎನ್ನಲು ಯಾರಿಗೂ ಸಾಧ್ಯವಿಲ್ಲ. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬಸವಪ್ಪಶಾಸ್ತ್ರಿಗಳು ಈ ನಾಟಕವನ್ನು ಕನ್ನಡಿಸಿದಾಗ ಈ ಪಾತ್ರಲೋಕವು ಮೈಸೂರಿನ ರಂಗಕ್ಕೂ ಬಂದಿತು. ಯಕ್ಷಗಾನದಲ್ಲಿ ಕೋಡಂಗಿ, ಬಾಲಗೋಪಾಲ ವೇಷಗಳು ಕಲಿಯುವವನ ಮೆಟ್ಟಿಲುಗಳು. ಇಂದಿನ ಕೋಡಂಗಿ ಮುಂದೆ ಅರ್ಜುನನಾದಾನೆಂಬ ಭರವಸೆ ಆ ಹೆಸರಿನಲ್ಲಿಯೇ ಉಂಟು.

1934ರಲ್ಲಿ 'ಸತಿ ಸುಲೋಚನಾ' ತೆರೆಕಂಡು ಕನ್ನಡ ವಾಕ್ಚಿತ್ರವು ಆರಂಭವಾಯಿತು. ಅದರ ಪ್ರಮುಖ ನಟರಾದ ಸುಬ್ಬಯ್ಯನಾಯಿಡು, ಆರ್. ನಾಗೇಂದ್ರರಾಯರು ನಾಟಕರಂಗದಿಂದ ಬಂದವರು. ನಾಟಕ ಕಂಪೆನಿಯಲ್ಲಿ ದೂತನ ವೇಷ ಹಾಕಿದವನೂ ಕಂಪೆನಿಯವನೇ. ರಾಜನ ವೇಷದವನೊಡನೆ ಒಂದೇ ಬಿಡಾರದಲ್ಲಿ ಉಂಡವನು. ಚಲಚ್ಚಿತ್ರದಲ್ಲಾದರೋ ಗುಂಪಿನ ದೃಶ್ಯಕ್ಕೆ ದಿನಗೂಲಿಯ ಮೇಲೆ ಜನರನ್ನು ಕರೆಯುವ ಪದ್ಧತಿ ಬಂದಿತು. 'ಎಕ್ಸ್‌ಟ್ರಾ' ಎಂಬ ಆಂಗ್ಲಪದಕ್ಕೆ ಎಡೆಯಾದುದು ಈ ವ್ಯವಸ್ಥೆಯಲ್ಲಿ. ಅನಂತರ ಬಂದ 'ಜೂನಿಯರ್ ಆರ್ಟಿಸ್ಟ್' ಎಂಬುದು ಮೃದುವಾದ ಮಾತು. ಆದರೆ ಅರುವತ್ತು ವರ್ಷದ ಮುದುಕನೂ ಅದರಲ್ಲಿ ಕಿರಿಯನಾಗಿಯೇ ಉಳಿಯುತ್ತಾನೆ. ಮೆಟ್ಟಿಲಿನ ಹೆಸರುಂಟು, ಮೆಟ್ಟಿಲಿಲ್ಲ.

ಇದು ಬರಿಯ ಶಬ್ದಜಿಜ್ಞಾಸೆಯಲ್ಲ. 1989ನೆಯ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆದಿದ್ದಾಗ, ಬೆಂಕಿ ಬಿದ್ದು 62 ಮಂದಿ ಮಡಿದರು. ಆ ದುರಂತದ ಮಾತು ಬಂದಾಗ ಸುಟ್ಟಗಾಯಗಳಿಂದ ಬದುಕಿ ಉಳಿದ ನಾಯಕನಟ ಸಂಜಯ್ ಖಾನರನ್ನು ಹೆಸರಿನಿಂದ ನೆನೆಯುತ್ತೇವೆ; ಮಡಿದವರನ್ನು ಸಂಖ್ಯೆಯಿಂದ ಎಣಿಸುತ್ತೇವೆ. ಹೆಸರಿಲ್ಲದ ವರ್ಗವೊಂದನ್ನು ಭಾಷೆ ಕಲ್ಪಿಸಿಕೊಟ್ಟರೆ ಸ್ಮರಣೆಯೂ ಅದೇ ಹಾದಿಯನ್ನು ಹಿಡಿಯುತ್ತದೆ.

'ಸಹಕಲಾವಿದ' ಎಂಬ ಪದವು ನಮ್ಮಲ್ಲಿ ಆಗಲೇ ಬಳಕೆಗೆ ಬಂದಿದೆ. 'ಸಹ' ಎಂಬಲ್ಲಿ ಕೂಡಿ ಮಾಡಿದ ಕೆಲಸದ ಅರ್ಥವಿದೆ, ಮಿಕ್ಕವನೆಂಬ ಅರ್ಥವಿಲ್ಲ. ಚಿತ್ರೇತಿಹಾಸವನ್ನು ಬರೆಯುವವರು ಈ ಪದವನ್ನೇ ಹಿಡಿಯುವುದು ಯುಕ್ತ. ಆದರೆ ಪದವು ಬದಲಾದ ಮಾತ್ರಕ್ಕೆ ಋಣ ತೀರದು. ದೊರೆತಷ್ಟು ಹೆಸರುಗಳನ್ನು ಪಾತ್ರವರ್ಗದ ಪಟ್ಟಿಯಲ್ಲಿ ಸೇರಿಸುವುದೂ ಅವರ ಕರ್ತವ್ಯವಾಗಿದೆ. ವೇತ್ರವತಿಗೆ ಸಂದ ಮರ್ಯಾದೆ ಇವರಿಗೂ ಸಲ್ಲತಕ್ಕುದು.